ತಿದ್ದುವವರು ಬರುವ ತನಕ

ಪಾಠದ ಪುಟಗಳು ಮುಗಿದಿವೆ. ಫೋಟೋ ತೆಗೆದು ಕಳಿಸಿದ್ದೂ ಆಗಿದೆ. ನೋಡಿ ಹೇಳಬೇಕಾದವರು ಇನ್ನೂ ನೋಡಿಲ್ಲ. ಒಂದು ದಿನ, ಮೂರು ದಿನ, ಹತ್ತು ದಿನ. ತಮ್ಮ ಪಾಡಿಗೆ ತಾವು ಚಿತ್ರ ಕಲಿಯಲು ಹೊರಟವರು ಪೆನ್ನು ಕೆಳಗಿಡುವುದು ಕಷ್ಟದ ಪಾಠ ಬಂದಾಗ ಅಲ್ಲ, ಇಂಥ ಖಾಲಿ ದಿನಗಳಲ್ಲಿ ಎಂಬುದು ನನ್ನ ಬಹುದಿನದ ಅನುಮಾನ. ಕಷ್ಟದ ಪಾಠದ ಎದುರು ಕನಿಷ್ಠ ಕೂತು ಗುದ್ದಾಡಬಹುದು. ಕಾಯುವುದಕ್ಕೆ ಎದುರಾಳಿಯೇ ಇಲ್ಲ.

ಈ ದಿನಗಳಲ್ಲಿ ಜನ ಮಾಡುವುದು ಮೂರು ಬಗೆ. ಕೆಲವರು ಕಳಿಸಿದ ಪುಟವನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಎರಡು ಪುಟ ಕೇಳಿದ್ದ ಕಡೆ ಇಪ್ಪತ್ತು ಪುಟ ತುಂಬುತ್ತಾರೆ. ಕೆಲವರು ತಾಳ್ಮೆಗೆಟ್ಟು ಮುಂದಿನ ಪಾಠಕ್ಕೆ, ಅದರ ಮುಂದಿನ ಪಾಠಕ್ಕೆ ಹಾರುತ್ತಾರೆ. ಉಳಿದವರು ಸುಮ್ಮನಾಗುತ್ತಾರೆ. ಮೂರನೆಯವರ ಕತೆ ಅಲ್ಲಿಗೇ ಮುಗಿಯಿತು. ಎರಡನೆಯವರದು ಅಂಥ ದೊಡ್ಡ ತಪ್ಪೇನಲ್ಲ, ತಳಪಾಯ ಸ್ವಲ್ಪ ಓರೆಯಾದೀತು, ಅಷ್ಟೆ. ನನಗೆ ಕಳವಳ ಹುಟ್ಟಿಸುವವರು ಮೊದಲನೆಯವರು, ಏಕೆಂದರೆ ಶ್ರದ್ಧೆ ಇರುವುದು ಅವರಲ್ಲೇ. ಹಾಡ್ತಾ ಹಾಡ್ತಾ ರಾಗ ಅನ್ನುತ್ತೇವೆ. ಅಪಶ್ರುತಿಯಲ್ಲೇ ಇಪ್ಪತ್ತು ಸಲ ಹಾಡಿದರೆ ಕೂರುವುದೂ ಆ ಅಪಶ್ರುತಿಯೇ.

ಕನ್ನಡದಲ್ಲಿ 'ತಿದ್ದು' ಅನ್ನುವ ಮಾತಿಗೆ ಎರಡು ಕೆಲಸ. ಮಗು ಮರಳಿನ ಮೇಲೆ, ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತದೆ. ಮೇಷ್ಟ್ರು ಬರೆದುಕೊಟ್ಟ 'ಅ' ಮೇಲೆ ಬೆರಳು ಅಥವಾ ಬಳಪ ಓಡಿಸಿ ಓಡಿಸಿ ಅದನ್ನು ಕೈಗೆ ಇಳಿಸಿಕೊಳ್ಳುತ್ತದೆ. ಆಮೇಲೆ ಮೇಷ್ಟ್ರು ಕಾಪಿ ಪುಸ್ತಕ ತಿದ್ದುತ್ತಾರೆ, ಕೆಂಪು ಶಾಯಿಯಲ್ಲಿ. ಅಭ್ಯಾಸಕ್ಕೂ ಅದೇ ಮಾತು, ತಪ್ಪು ಸರಿಪಡಿಸುವುದಕ್ಕೂ ಅದೇ ಮಾತು. ಅಕ್ಷರ ತಿದ್ದುವಾಗ ಈ ಎರಡೂ ಒಂದೇ ಗಳಿಗೆಯಲ್ಲಿ ನಡೆಯುತ್ತವೆ ಎಂಬುದನ್ನು ಗಮನಿಸಿ. ಬೆರಳು ದಾರಿ ಬಿಟ್ಟರೆ ಕೆಳಗಿನ ಗೆರೆ ಇಣುಕುತ್ತದೆ, ಮಗುವಿಗೆ ಆಗಲೇ ಗೊತ್ತಾಗುತ್ತದೆ. ಕಾಯಬೇಕಾದ್ದೇ ಇಲ್ಲ. ಸ್ವಂತವಾಗಿ ಕಲಿಯುವವರು ತಮ್ಮ ಪಾಠಗಳಲ್ಲಿ ಹುಡುಕಿಕೊಳ್ಳಬೇಕಾದದ್ದು ಇದನ್ನೇ: ಯಾವ ಅಭ್ಯಾಸದ ಹೊಟ್ಟೆಯಲ್ಲೇ ತಿದ್ದುಪಡಿ ಇದೆ, ಯಾವುದಕ್ಕೆ ಹೊರಗಿನ ಕಣ್ಣು ಬೇಕೇ ಬೇಕು.

ತನ್ನನ್ನು ತಾನೇ ತಿದ್ದುವ ರಂಗೋಲಿ

ಬೆಳಗಿನ ಆರು ಗಂಟೆಯ ಬೀದಿ. ನೀರು ಚಿಮುಕಿಸಿ ಗುಡಿಸಿದ ನೆಲ ಇನ್ನೂ ಪೂರ್ತಿ ಆರಿಲ್ಲ. ಸೊಂಟ ಬಗ್ಗಿಸಿ ನಿಂತ ಹೆಂಗಸು ಮೊದಲು ಚುಕ್ಕಿ ಇಡುತ್ತಾಳೆ: ನಡುವಿನ ಸಾಲಿಗೆ 15, ಎರಡೂ ಬದಿಗೆ ಸಂದು ಚುಕ್ಕಿಯಾಗಿ ಇಳಿಯುತ್ತಾ 8ರ ತನಕ. ಲೆಕ್ಕ ಹಾಕಿದರೆ ಒಟ್ಟು 169 ಚುಕ್ಕಿ. ಅವಳು ಲೆಕ್ಕ ಹಾಕುವುದಿಲ್ಲ. ಸಾಲು ಓರೆಯಾದರೆ ಕಣ್ಣಿಗೇ ಗೊತ್ತಾಗುತ್ತದೆ. ಆಮೇಲೆ ಎಳೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿಂದ ಪುಡಿ ಉದುರುತ್ತದೆ, ಆದರೆ ಚಲಿಸುವುದು ಬೆರಳಲ್ಲ, ತೋಳು. ಮಣಿಕಟ್ಟು ಹೆಚ್ಚುಕಡಿಮೆ ಬಿಗಿಯಾಗಿಯೇ ಇರುತ್ತದೆ. ಎಳೆ ಚುಕ್ಕಿಯನ್ನು ಬಳಸಿ, ಮುಂದಿನದಕ್ಕೆ ಹೊರಳಿ, ಹಿಂದಿರುಗಿ, ಕೊನೆಗೆ ಹೊರಟ ಜಾಗಕ್ಕೇ ಬಂದು ಕೂಡಬೇಕು. ನಡುವೆ ಎಲ್ಲೋ ಒಂದು ಚುಕ್ಕಿ ಬಿಟ್ಟಿದ್ದರೆ ಅದು ಕೂಡುವುದಿಲ್ಲ. ಯಾರೂ ಬಂದು ತಪ್ಪು ಎನ್ನಬೇಕಿಲ್ಲ. ಅವಳೇ ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಅಂಗೈಯಿಂದ ಅಷ್ಟು ಜಾಗ ಒರೆಸಿ, ಮತ್ತೆ ಹಾಕುತ್ತಾಳೆ.

ಈ ದೃಶ್ಯದಲ್ಲಿ ಚಿತ್ರದ ಮೊದಲ ಪಾಠವೇ ಅಡಗಿದೆ. ಮೊದಲು ಬಿಂದು, ಆಮೇಲೆ ಗೆರೆ. ಗೆರೆ ಹೊರಡುವ ಮೊದಲೇ ಎಲ್ಲಿ ಮುಗಿಯಬೇಕು ಎಂಬುದು ತೀರ್ಮಾನವಾಗಿರುತ್ತದೆ. ತೋಳಿನಿಂದ ಚಲನೆ. ಹೊರಟ ಮೇಲೆ ಅನುಮಾನವಿಲ್ಲ. ಮತ್ತೆ, ತಪ್ಪಾದರೆ ತೋರಿಸಿಕೊಡುವ ಏರ್ಪಾಡು ಆಕೃತಿಯಲ್ಲೇ ಇದೆ. (ಎಳೆ ರಂಗೋಲಿ ಚೆನ್ನಾಗಿ ಹಾಕುವವರು ಕಾಗದದ ಮೇಲೆ ಪೆನ್ನು ಹಿಡಿದ ಕೂಡಲೇ ಬೆರಳಿನಿಂದ ಗೀಚಲು ಶುರುಮಾಡುವುದು ವಿಚಿತ್ರ. ಅಕ್ಷರ ಬರೆದ ಅಭ್ಯಾಸ ಅಲ್ಲಿ ಅಡ್ಡ ಬರುತ್ತದೆ. ನಿಂತು ಬಿಡಿಸಿ ನೋಡಿ ಎಂದರೆ ಅವರ ತೋಳಿಗೆ ಹಳೆಯದು ನೆನಪಾಗುತ್ತದೆ.)

ಗೆರೆ, ಎಲಿಪ್ಸ್, ಅವು ಹೇಳುವ ಚಾಡಿ

ಸ್ವಂತ ವೇಗದಲ್ಲಿ ಕಲಿಯುವ ಪಾಠಗಳಲ್ಲಿ ಇವತ್ತು ಬಹಳ ಜನ ಹಿಡಿಯುವುದು ಇರ್ಷಾದ್ ಕರೀಂ ರೂಪಿಸಿದ ಡ್ರಾಅಬಾಕ್ಸ್ ಎಂಬ ಜಾಲತಾಣದ ಪಾಠಮಾಲೆ. ಪಾಠಗಳಿಗೆ ದುಡ್ಡಿಲ್ಲ; ಬೇಕಾದದ್ದು 0.5 ಮಿಮೀ ಫೈನ್‌ಲೈನರ್ (ತೆಳುಮೊನೆಯ ಶಾಯಿ ಪೆನ್ನು) ಮತ್ತು ಜೆರಾಕ್ಸ್ ಅಂಗಡಿಯ ಎ4 ಹಾಳೆ. ಪೆನ್ಸಿಲ್ ಏಕಿಲ್ಲ ಎಂದು ಎಲ್ಲರೂ ಮೊದಲು ಗೊಣಗುತ್ತಾರೆ. ಪೆನ್ಸಿಲ್ ಇದ್ದರೆ ಹೆದರುತ್ತಾ ತೆಳುವಾಗಿ ಹತ್ತು ಗೆರೆ ಹಾಕಿ ಅದರಲ್ಲೊಂದನ್ನು ಆರಿಸಬಹುದು, ರಬ್ಬರಿನಿಂದ ಸಾಕ್ಷಿಯನ್ನೇ ಅಳಿಸಬಹುದು. ಫೈನ್‌ಲೈನರ್ ಅಳಿಸಲು ಬಿಡುವುದಿಲ್ಲ. ಎಂಟು ದಿನ ಬಿಟ್ಟು ನೋಡಿದರೂ ತಪ್ಪು ಹಾಗೇ ಕೂತಿರುತ್ತದೆ, ಮತ್ತು ಕಾಯುವ ದಿನಗಳಲ್ಲಿ ನಮಗೆ ಬೇಕಾದದ್ದು ಅದೇ.

ಮೊದಲ ಪಾಠದ ಮೊದಲ ಅಭ್ಯಾಸ: ಸ್ಕೇಲಿನಿಂದ ಒಂದು ಗೆರೆ ಹಾಕಿ, ಅದರ ಮೇಲೆ ಬರಿಗೈಯಲ್ಲಿ 8 ಸಲ ಎಳೆಯುವುದು. ಅಕ್ಷರಶಃ ತಿದ್ದುವುದೇ. ಮುಗಿದ ಪುಟವನ್ನು ಹೀಗೆ ಓದಬೇಕು. ಗೆರೆಗಳ ಗುಂಪು ಕೊನೆಯಲ್ಲಿ ಮಾತ್ರ ಪೊರಕೆಯಂತೆ ಕೆದರಿದ್ದರೆ ಚಿಂತೆಯಿಲ್ಲ, ಕೈ ಕುದುರಿದಂತೆ ಅದು ಕಿರಿದಾಗುತ್ತದೆ. ಎರಡೂ ತುದಿಯಲ್ಲಿ ಕೆದರಿದ್ದರೆ ಅದು ಕೈಯ ದೋಷವಲ್ಲ, ಅವಸರ: ಪ್ರತಿ ಸಲ ಪೆನ್ನಿನ ಮೊನೆಯನ್ನು ಆರಂಭದ ಬಿಂದುವಿನ ಮೇಲೆ ಇಡುವ ಮೊದಲೇ ಗೆರೆ ಹೊರಟಿದೆ. ಗೆರೆ ಅಲೆಅಲೆಯಾಗಿದ್ದರೆ ಕಣ್ಣು ನಡುದಾರಿಯಲ್ಲಿ ಕೈಯನ್ನು ಸರಿಪಡಿಸಲು ಹೋಗಿದೆ, ವೇಗ ಸಾಲದು. ಇಡೀ ಗೆರೆ ಬಿಲ್ಲಿನಂತೆ ಬಾಗಿದ್ದರೆ ಕೀಲು ತಪ್ಪಾಗಿದೆ. ಮಣಿಕಟ್ಟು ಚಿಕ್ಕ ವೃತ್ತದಲ್ಲಿ ತಿರುಗುತ್ತದೆ, ಮೊಣಕೈ ಅದಕ್ಕಿಂತ ದೊಡ್ಡದರಲ್ಲಿ, ಭುಜ ಎಲ್ಲಕ್ಕಿಂತ ದೊಡ್ಡದರಲ್ಲಿ. ದೊಡ್ಡ ವೃತ್ತದ ಚಿಕ್ಕ ತುಂಡು ಹೆಚ್ಚುಕಡಿಮೆ ನೇರವಾಗಿ ಕಾಣುತ್ತದೆ. ಭುಜದಿಂದ ಎಳೆದರೂ ಬಾಗು ಉಳಿದರೆ, ಬೇಕೆಂದೇ ಎದುರು ದಿಕ್ಕಿಗೆ ಚೂರು ಬಾಗಿಸಲು ಯತ್ನಿಸಿ. ಎರಡೂ ಸೇರಿ ನೇರವಾಗುತ್ತದೆ.

ಎರಡು ಬಿಂದು ಇಟ್ಟು ಅವುಗಳ ನಡುವೆ ಮೊದಲು ಗಾಳಿಯಲ್ಲಿ ಕೈಯಾಡಿಸಿ ಆಮೇಲೆ ಎಳೆಯುವುದಕ್ಕೆ ಘೋಸ್ಟಿಂಗ್ ಎನ್ನುತ್ತಾರೆ. ಯೋಜನೆ, ಸಿದ್ಧತೆ, ಎಳೆತ, ಹೀಗೆ ಮೂರು ಹಂತ. ಮೊದಲ ಎರಡಕ್ಕೆ ಎಷ್ಟು ಹೊತ್ತಾದರೂ ತೆಗೆದುಕೊಳ್ಳಿ. ಮೂರನೆಯದರಲ್ಲಿ ಯೋಚನೆ ಬೇಡ. ಗೆರೆ ಬಿಂದುವನ್ನು ದಾಟಿ ಹೋಗುತ್ತಿದ್ದರೆ ನಿಲ್ಲಿಸಲು ಹೋಗಬೇಡಿ, ಬಿಂದು ಬಂದ ಕೂಡಲೇ ಪೆನ್ನು ಮೇಲೆತ್ತಿ. ನಿಲ್ಲಿಸಬೇಕೆಂದರೆ ಕೈ ಮೊದಲೇ ನಿಧಾನವಾಗುತ್ತದೆ, ಅಲ್ಲಿ ಗೆರೆ ನಡುಗುತ್ತದೆ. ಎತ್ತುವುದಕ್ಕೆ ಆ ಅಂಜಿಕೆ ಇಲ್ಲ.

ಎಲಿಪ್ಸ್, ಅಂದರೆ ಓರೆಯಿಂದ ನೋಡಿದ ಚಕ್ರದಂಥ ಚಪ್ಪಟೆ ವೃತ್ತ, ಅದರದ್ದೂ ಇದೇ ಕತೆ. ಪ್ರತಿಯೊಂದನ್ನೂ ಪೆನ್ನೆತ್ತದೆ ಎರಡು ಸುತ್ತು ಬರೆಯಬೇಕು. ಒಂದು ಸುತ್ತಿಗೆ ನಿಲ್ಲಿಸಿದರೆ ಕೂಡುವ ಜಾಗದಲ್ಲಿ ಮೂತಿ ಮೂಡುತ್ತದೆ. ನಾಲ್ಕೈದು ಸುತ್ತಾದರೆ ಯಾವ ಗೆರೆ ಎಲ್ಲಿ ಹೋಯಿತೆಂದೇ ಕಾಣದು. ಚೌಕಟ್ಟಿನೊಳಗೆ ಎಲಿಪ್ಸ್ ಕೂರಿಸುವಾಗ ನಾಲ್ಕೂ ಬದಿಗೆ ತಾಗಿಸುವ ಆಸೆಯಿಂದ ಅದು ಹಲಸಿನ ಬೀಜದ ಆಕಾರ ತಾಳುತ್ತದೆ. ಇಲ್ಲಿ ಆದ್ಯತೆ ಸ್ಪಷ್ಟವಾಗಿರಲಿ: ಮೊದಲು ನುಣುಪು, ಆಮೇಲೆ ಗುರಿ. ಗುರಿ ತಪ್ಪಿದ ನುಣುಪಾದ ಎಲಿಪ್ಸ್ ಮುಂದೆ ಸರಿಹೋಗುತ್ತದೆ, ಗುರಿ ಮುಟ್ಟಿದ ಸೊಟ್ಟ ಎಲಿಪ್ಸ್ ಸೊಟ್ಟಗೇ ಉಳಿಯುತ್ತದೆ. ಒಂದು ನಡುಗೆರೆಯ ಮೇಲೆ ಎಲಿಪ್ಸ್‌ಗಳನ್ನು ಸಾಲಾಗಿ ಕೂರಿಸುವ ಆಲಿಕೆಯಾಕಾರದ ಅಭ್ಯಾಸದಲ್ಲಿ ಆ ನಡುಗೆರೆ ಪ್ರತಿ ಎಲಿಪ್ಸನ್ನೂ ಅದರ ಕಿರಿಯ ಅಕ್ಷದ, ಅಂದರೆ ಅದು ಕಿರಿದಾಗಿರುವ ದಿಕ್ಕಿನ, ಉದ್ದಕ್ಕೆ ಎರಡು ಸಮಭಾಗ ಮಾಡಬೇಕು. ಪುಟವನ್ನು ತಿರುಗಿಸಿ ನಡುಗೆರೆ ನೆಟ್ಟಗೆ ನಿಲ್ಲುವಂತೆ ಹಿಡಿದರೆ ಓರೆಯಾದವು ತಾವೇ ಎದ್ದು ಕಾಣುತ್ತವೆ.

ಇವೆಲ್ಲ ನೀವೇ ಹಿಡಿಯಬಲ್ಲ ತಪ್ಪುಗಳು. ಇವನ್ನು ಹೇಳಲೆಂದು ಯಾರನ್ನೋ ಹತ್ತು ದಿನ ಕಾಯುವುದು ವ್ಯರ್ಥ.

ಇನ್ನೂರೈವತ್ತು ಪೆಟ್ಟಿಗೆ

ಮೊದಲ ಪಾಠದ ನಂತರ ಬರುವುದು 250 ಪೆಟ್ಟಿಗೆಗಳ ಸವಾಲು. ಹೆಸರು ಕೇಳಿದರೇ ಸುಸ್ತು. ನನ್ನ ಲೆಕ್ಕದಲ್ಲಿ ಇಡೀ ಪಾಠಮಾಲೆಯಲ್ಲಿ ಅತಿ ಜಾಣ ಅಭ್ಯಾಸ ಇದು. ಕಾರಣ ಸಂಖ್ಯೆ ಅಲ್ಲ, ಬಣ್ಣದ ಪೆನ್ನು.

ಪೆಟ್ಟಿಗೆ ಶುರುವಾಗುವುದು ನಮಗೆ ಹತ್ತಿರದ ಮೂಲೆಯಿಂದ ಮೂರು ದಿಕ್ಕಿಗೆ ಹೊರಡುವ, ಇಂಗ್ಲಿಷ್ ವೈ ಅಕ್ಷರದಂಥ ಮೂರು ಗೆರೆಗಳಿಂದ. ಮೂರು ಗೆರೆಗಳ ನಡುವಿನ ಮೂರು ಕೋನಗಳೂ 90 ಡಿಗ್ರಿಗಿಂತ ಹೆಚ್ಚಿರಬೇಕು. ಒಂದು ಕಡಿಮೆಯಾದರೂ ಪೆಟ್ಟಿಗೆ ಎಳೆದಾಡಿದಂತೆ ಕಾಣುತ್ತದೆ, ಮುಂದೆ ಎಷ್ಟು ಹುಷಾರಾಗಿ ಎಳೆದರೂ ಸರಿಹೋಗುವುದಿಲ್ಲ. ಆಮೇಲೆ ಪ್ರತಿ ತೋಳಿನ ತುದಿಯಿಂದ ಎರಡೆರಡು, ಒಟ್ಟು ಆರು ಗೆರೆ. ಕಾಣುವ ಪೆಟ್ಟಿಗೆ ಇಲ್ಲಿಗೆ ಮುಗಿಯಿತು. ಕಾಣದ ಮೂರು ಗೆರೆಗಳನ್ನೂ ಹಾಕಬೇಕು, ಪೆಟ್ಟಿಗೆ ಗಾಜಿನದು ಎಂಬಂತೆ. ಅಲ್ಲಿಗೆ 12. ಇನ್ನೂರೈವತ್ತಕ್ಕೆ 3000 ಗೆರೆ. ನಮ್ಮತ್ತ ಮುಖಮಾಡಿದ ಒಂದು ಬದಿಗೆ ಒತ್ತೊತ್ತಾಗಿ ಸಮಾನಾಂತರ ಗೆರೆ ತುಂಬಿದರೆ ಯಾವುದು ಮುಂದು ಯಾವುದು ಹಿಂದು ಎಂಬ ಗೊಂದಲ ಉಳಿಯುವುದಿಲ್ಲ.

ಪುಟಕ್ಕೆ ಐದು ಪೆಟ್ಟಿಗೆ ಸಾಕು. ಹಾಳೆ ಉಳಿಸಲೆಂದು ಹದಿನೈದು ತುರುಕಿದರೆ ಗೆರೆಗಳು ಗಿಡ್ಡವಾಗುತ್ತವೆ. ಗೆರೆ ಗಿಡ್ಡವಾದರೆ ಭುಜ ಮಲಗಿ ಮಣಿಕಟ್ಟು ಎದ್ದು ಬರುತ್ತದೆ. ಇನ್ನೊಂದು ಕಾರಣ, ತಿದ್ದಲು ಜಾಗ ಬೇಕು. ಪುಟ ತುಂಬಿದ ಮೇಲೆ ಬೇರೆ ಬಣ್ಣದ ಪೆನ್ನು ತೆಗೆದು, ಸ್ಕೇಲಿಟ್ಟು, ಪ್ರತಿ ಪೆಟ್ಟಿಗೆಯ ಗೆರೆಗಳನ್ನು ಹಿಂದಕ್ಕೆ, ಅಂದರೆ ನಮ್ಮಿಂದ ದೂರ ಹೋಗುವ ದಿಕ್ಕಿಗೆ ಮುಂದುವರಿಸಬೇಕು. ಒಂದೇ ದಿಕ್ಕಿಗೆ ಹೋಗುವ ನಾಲ್ಕು ಗೆರೆ ಒಂದು ಗುಂಪು. ಹೀಗೆ ಮೂರು ಗುಂಪು: ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಒಂದಕ್ಕೆ ನೀಲಿ.

ಈಗ ಹಾಳೆ ಮಾತಾಡಲು ಶುರುಮಾಡುತ್ತದೆ. ಒಂದು ಗುಂಪಿನ ನಾಲ್ಕೂ ಗೆರೆ, ರೈಲುಹಳಿಗಳು ಕಾಣುವ ಹಾಗೆ, ದೂರದಲ್ಲಿ ಒಂದೇ ಕಡೆ ಸೇರುವಂತೆ ಸಾಗಬೇಕು. ಸಾಮಾನ್ಯವಾಗಿ ಆಗುವುದೇನೆಂದರೆ ಎರಡು ಗೆರೆ ಒಂದು ಕಡೆ, ಇನ್ನೆರಡು ಬೇರೊಂದು ಕಡೆ ಸೇರುತ್ತವೆ. ಕಾರಣ ಸರಳ: ಹೊಸ ಗೆರೆ ಎಳೆಯುವಾಗ ಪಕ್ಕದ ಒಂದೇ ಗೆರೆಯನ್ನು ನೋಡಿ ಅದಕ್ಕೆ ಜೋಡಿ ಮಾಡಿದ್ದೀರಿ, ಗುಂಪಿನ ಉಳಿದೆರಡನ್ನು ಮರೆತಿದ್ದೀರಿ. ಅದಕ್ಕೆ ಮದ್ದೆಂದರೆ ಮುಂದಿನ ಪುಟದಲ್ಲಿ ಪ್ರತಿ ಬಿಂದು ಇಡುವಾಗ ನಾಲ್ಕನ್ನೂ, ಇನ್ನೂ ಹಾಕದೇ ಇರುವ ಗೆರೆಯನ್ನೂ ಸೇರಿಸಿ, ಮನಸ್ಸಿನಲ್ಲಿ ಹಿಂದಕ್ಕೆ ಓಡಿಸಿ ನೋಡುವುದು. ಕೆಲವು ಗುಂಪುಗಳಲ್ಲಿ ಗೆರೆಗಳು ದೂರ ಹೋದಂತೆ ಸೇರುವ ಬದಲು ಅಗಲವಾಗುತ್ತವೆ. ಪೆಟ್ಟಿಗೆಯ ಹಿಂಬದಿ ಮುಂಬದಿಗಿಂತ ದೊಡ್ಡದಾಗಿದೆ ಎಂದರ್ಥ. ಬರಿಗಣ್ಣಿಗೆ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ, ಈಗ ಗೊತ್ತಾಯಿತು. ನಾಲ್ಕರಲ್ಲಿ ನಡುವಿನ ಎರಡು ಗೆರೆಗಳ ಬಗ್ಗೆ ಒಂದು ಮಾತು: ಅವು ಒಂದಕ್ಕೊಂದು ಹತ್ತಿರ ಇರುವುದರಿಂದ ಸೇರುವ ಬಿಂದುವಿನಲ್ಲಿ ಅವುಗಳ ನಡುವಿನ ಕೋನ ತೀರಾ ಚಿಕ್ಕದು. ಹಾಗಾಗಿ ಪೆಟ್ಟಿಗೆಯ ಹತ್ತಿರ ಅವನ್ನು ಬಹುಮಟ್ಟಿಗೆ ಸಮಾನಾಂತರವಾಗಿಯೇ ಎಳೆದರೆ ತಪ್ಪು ಕಡಿಮೆ. ಇದೊಂದು ಗೊತ್ತಾದರೆ ಐವತ್ತು ಪೆಟ್ಟಿಗೆಯ ಗೋಳು ತಪ್ಪುತ್ತದೆ.

ಎಲ್ಲರೂ ಕೊರಗುವುದು ಹಿಂದಿನ ಮೂಲೆಯ ಬಗ್ಗೆ. ಕೊನೆಯ ಮೂರು ಗೆರೆ ಒಂದೇ ಬಿಂದುವಿನಲ್ಲಿ ಸೇರುವುದೇ ಇಲ್ಲ. ಜನ ಅದನ್ನು ಅಲ್ಲೇ ಒತ್ತಿ ತೇಪೆ ಹಾಕುತ್ತಾರೆ. ಆದರೆ ತಪ್ಪು ಆದದ್ದು ಅಲ್ಲಿ ಅಲ್ಲ. ಮೊದಲಿನ ಒಂಬತ್ತು ಗೆರೆಗಳ ಚೂರುಪಾರು ತಪ್ಪೆಲ್ಲ ಕೂಡಿಕೊಂಡು ಬಂದು ಜಮೆಯಾಗುವ ಜಾಗ ಅದು, ತಿಂಗಳ ಕೊನೆಯ ಲೆಕ್ಕದ ಹಾಗೆ. ಆ ಮೂಲೆಯನ್ನು ಬಿಟ್ಟುಬಿಡಿ, ಬಣ್ಣದ ಗೆರೆಗಳನ್ನು ನೋಡಿ, ಮುಂದಿನ ಪೆಟ್ಟಿಗೆಯಲ್ಲಿ ಮೊದಲ ಒಂಬತ್ತನ್ನು ಹುಷಾರಾಗಿ ಇಡಿ. ಮೂಲೆ ತಾನೇ ಹತ್ತಿರ ಬರುತ್ತದೆ.

ಒಂದೊಂದು ಪುಟ ಮುಗಿದ ಮೇಲೂ ಬಣ್ಣದ ಗೆರೆ ಹಾಕಿ, ನೋಡಿ, ಆಮೇಲೆ ಮುಂದಿನ ಪುಟ. ಈ ಕ್ರಮ ತಪ್ಪಿಸಿ ಐವತ್ತೂ ಪುಟ ಬರೆದು ಕೊನೆಗೆ ಒಟ್ಟಿಗೆ ಬಣ್ಣ ಹಾಕಿದರೆ, ಅದು ಪರೀಕ್ಷೆ ಮುಗಿದ ಮೇಲೆ ಪಠ್ಯಪುಸ್ತಕ ಓದಿದಂತೆ. ಚುಕ್ಕಿ ರಂಗೋಲಿಯ ಎಳೆ ಕೂಡದಿದ್ದಾಗ ಆಕೆ ಅಲ್ಲೇ ಬಗ್ಗಿ ಒರೆಸುತ್ತಾಳೆ, ಸಂಜೆಗೆ ಎಂದು ಬಿಡುವುದಿಲ್ಲ.

ಅದೇ ಕಣ್ಣು, ಅದೇ ಕೈ

ಹಾಗಾದರೆ ಹೊರಗಿನ ಕಣ್ಣೇ ಬೇಡವೇ? ಬೇಕು. ಮೇಲಿನದನ್ನೆಲ್ಲ ಒಬ್ಬರು ಶ್ರದ್ಧೆಯಿಂದ ಮಾಡಿದರು ಎಂದಿಟ್ಟುಕೊಳ್ಳಿ, ಆದರೆ ಬಣ್ಣದ ಗೆರೆಗಳನ್ನು ಹಿಂದಕ್ಕೆ ಎಳೆಯುವ ಬದಲು ನಮ್ಮ ಕಡೆಗೆ ಎಳೆದರು. ಗೆರೆಗಳು ಬೀಸಣಿಗೆಯಂತೆ ಅಗಲವಾಗಿ ಹರಡುತ್ತವೆ, ಅದು ಹಾಗೇ ಇರಬೇಕೇನೋ ಅಂದುಕೊಳ್ಳುತ್ತಾರೆ. ಪರೀಕ್ಷಿಸುವ ಸಾಧನವೇ ತಲೆಕೆಳಗಾಗಿದೆ. ಇನ್ನೂರೈವತ್ತು ಪೆಟ್ಟಿಗೆ ಮುಗಿದರೂ ಅವರಿಗೆ ಇದು ತಿಳಿಯುವುದಿಲ್ಲ, ಏಕೆಂದರೆ ತಪ್ಪು ಅರ್ಥಮಾಡಿಕೊಂಡ ತಲೆಯೇ ತಪ್ಪು ಹುಡುಕುತ್ತಿದೆ. ಇದನ್ನು ನೋಡುವ ಕಣ್ಣು ಇರುವವರು ಐದು ಸೆಕೆಂಡಿನಲ್ಲಿ ಹೇಳುತ್ತಾರೆ.

ಇಂಥವು ಇನ್ನೂ ಇವೆ. ನಡುವೆ ಒಂದು ಪೆಟ್ಟಿಗೆ ಇಟ್ಟು ಸುತ್ತಲಿನವನ್ನು ಸ್ವಲ್ಪಸ್ವಲ್ಪ ತಿರುಗಿಸುತ್ತಾ ಹೋಗುವ 'ತಿರುಗಿಸಿದ ಪೆಟ್ಟಿಗೆಗಳ' ಅಭ್ಯಾಸದಲ್ಲಿ ಪೆಟ್ಟಿಗೆಗಳು ತಿರುಗಿಯೇ ಇರುವುದಿಲ್ಲ, ಬರೀ ಸೊಟ್ಟಗಾಗಿರುತ್ತವೆ; ಪೆಟ್ಟಿಗೆ ತಿರುಗಿದರೆ ಅದರ ಗೆರೆಗಳು ಸೇರುವ ಬಿಂದುವೂ ಜಾಗ ಬದಲಿಸಬೇಕು, ಬರೆದವರು ಎಲ್ಲದಕ್ಕೂ ಹಳೆಯ ಬಿಂದುವನ್ನೇ ಇಟ್ಟುಕೊಂಡಿರುತ್ತಾರೆ. ಬರೆದವರ ಕಣ್ಣಿಗೆ ಅದು ತಿರುಗಿದಂತೆಯೇ ಕಾಣುತ್ತದೆ. ಇನ್ನೊಂದು, ಗೆರೆ ತಪ್ಪಿದ ಕೂಡಲೇ ಅದರ ಮೇಲೆ ಇನ್ನೊಂದು ಎಳೆಯುವ ಚಾಳಿ. ಅದು ಎಷ್ಟು ಬೇಗ ಆಗುತ್ತದೆಂದರೆ ಮಾಡಿದವರಿಗೇ ನೆನಪಿರುವುದಿಲ್ಲ. ಮತ್ತೊಂದು, ಇನ್ನೂರೈವತ್ತು ಪೆಟ್ಟಿಗೆಯೂ ಒಂದೇ ಕಡೆಗೆ ಮುಖಮಾಡಿ ನಿಂತಿರುವುದು. ಪ್ರತಿಯೊಂದೂ ಬಿಡಿಯಾಗಿ ಸರಿಯೇ. ಒಟ್ಟು ನೋಡಿದರೆ ಕಲಿತದ್ದು ಒಂದೇ ಪೆಟ್ಟಿಗೆ.

ಹಾಗಾಗಿ ಹೊರಗಿನ ಕಣ್ಣನ್ನು ಕೊನೆಗಲ್ಲ, ಶುರುವಿಗೇ ಬಳಸಿಕೊಳ್ಳಿ ಎನ್ನುತ್ತೇನೆ. ಸವಾಲಿನ ಮೊದಲ ಎರಡು ಪುಟ, ಹತ್ತೇ ಪೆಟ್ಟಿಗೆ, ಯಾರಿಗಾದರೂ ತೋರಿಸಿ: ಸೂಚನೆ ಸರಿಯಾಗಿ ಅರ್ಥವಾಗಿದೆಯೇ? ಅಷ್ಟೇ ಪ್ರಶ್ನೆ. ಐವತ್ತು ಪುಟ ನೋಡಲು ಯಾರಿಗೂ ಪುರುಸೊತ್ತಿಲ್ಲ, ಎರಡು ಪುಟ ನೋಡಲು ಚಿತ್ರ ಗೊತ್ತಿರುವ ಯಾರಾದರೂ ಸಿಗುತ್ತಾರೆ.

ಅಂಕಕ್ಕೂ ತಿದ್ದುಪಡಿಗೂ ಇರುವ ವ್ಯತ್ಯಾಸ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿದವರಿಗೆ ಗೊತ್ತು. ಫಲಿತಾಂಶ ಬರುತ್ತದೆ, ಯಾವ ಗೆರೆ ಎಲ್ಲಿ ಜಾರಿತು ಎಂಬುದು ಅದರ ಜೊತೆ ಬರುವುದಿಲ್ಲ. ಅಮೆರಿಕದ ಕಾರ್ಟೂನಿಸ್ಟ್ ಚಾರ್ಲ್ಸ್ ಶುಲ್ಜ್ ಹದಿಹರೆಯದ ಕೊನೆಯಲ್ಲಿ ಮಿನ್ನಿಯಾಪೊಲಿಸ್‌ನ ಒಂದು ಸಂಸ್ಥೆಯಿಂದ ಅಂಚೆಯಲ್ಲಿ ಚಿತ್ರಕಲೆ ಕಲಿತ. ಅವನ ಊರು ಸೇಂಟ್ ಪಾಲ್, ಪಕ್ಕದ್ದೇ ಪಟ್ಟಣ. ಆದರೂ ಪಾಠಗಳನ್ನು ಅಂಚೆಗೇ ಹಾಕುತ್ತಿದ್ದ. ಮಕ್ಕಳ ಚಿತ್ರ ಬಿಡಿಸುವ ಪಾಠಕ್ಕೆ ಅವನಿಗೆ ಸಿಕ್ಕಿದ್ದು ಸಿ ಪ್ಲಸ್. ಮುಂದೆ 1950ರಿಂದ 2000ದ ತನಕ ಅವನು ದಿನವೂ ಬಿಡಿಸಿದ್ದು ಮಕ್ಕಳನ್ನೇ. ಜನ ಈ ಕತೆಯನ್ನು ಗುರುಗಳ ದಡ್ಡತನಕ್ಕೆ ಸಾಕ್ಷಿಯಾಗಿ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಕತೆಯ ಇನ್ನೊಂದು ತುಂಡು: ಯುದ್ಧ ಮುಗಿಸಿ ಬಂದ ಮೇಲೆ ಅವನು ಅದೇ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ, ಅಂಚೆಯಲ್ಲಿ ಬರುತ್ತಿದ್ದ ಬೇರೆಯವರ ಪಾಠಗಳನ್ನು ತಿದ್ದುತ್ತಾ ಕೂತ. ಬೇರೆಯವರ ಹಾಳೆಯಲ್ಲಿ ತಪ್ಪು ಎಷ್ಟು ಸಲೀಸಾಗಿ ಕಾಣುತ್ತದೆ ಎಂಬುದು ಅದನ್ನು ಮಾಡಿದವರಿಗೇ ಗೊತ್ತು. ಕಾಯುವ ದಿನಗಳಲ್ಲಿ ಜೊತೆಗೆ ಕಲಿಯುವ ಇನ್ನೊಬ್ಬರ ಪುಟ ಕೇಳಿ ಪಡೆದು, ಬಣ್ಣದ ಗೆರೆಯ ಕಣ್ಣಿಂದ ಓದಿ. ಆ ಕಣ್ಣನ್ನು ಹಾಗೇ ಸ್ವಂತ ಪುಟದತ್ತ ಹೊರಳಿಸಿದರೆ ಕೆಲವು ಸಲ ನಾಚಿಕೆಯಾಗುತ್ತದೆ, ಆಗಲಿ.

ಡಚ್ ಕಲಾವಿದ ವ್ಯಾನ್ ಗೋ ಕತೆ ಇನ್ನೂ ಹತ್ತಿರದ್ದು. 1880ರಲ್ಲಿ ಬೆಲ್ಜಿಯಂನ ಕಲ್ಲಿದ್ದಲು ಗಣಿಗಳ ನಡುವಿನ ಕ್ವೆಮ್ ಎಂಬಲ್ಲಿ ಅವನು ಚಿತ್ರಗಾರನಾಗಲು ತೀರ್ಮಾನಿಸಿದಾಗ ಪಕ್ಕದಲ್ಲಿ ತಿದ್ದುವವರು ಯಾರೂ ಇರಲಿಲ್ಲ. ಫ್ರೆಂಚ್ ಕಲಾವಿದ ಶಾರ್ಲ್ ಬಾರ್ಗ್ ಸಿದ್ಧಪಡಿಸಿದ ಇದ್ದಿಲಿನ ಅಭ್ಯಾಸದ 60 ಹಾಳೆಗಳನ್ನು ತರಿಸಿಕೊಂಡು ಒಂದೊಂದಾಗಿ ನಕಲು ಮಾಡಿದ. ಹೇಗೆ ಸಾಗಿದೆ ಎಂದು ತಮ್ಮ ತಿಯೋಗೆ ಕಾಗದ ಬರೆಯುತ್ತಿದ್ದ. ಕಾಗದ ಹೋಗಿ ಉತ್ತರ ಬರುವ ತನಕ ಅವನನ್ನು ತಿದ್ದಿದ್ದು ಬಾರ್ಗ್‌ನ ಹಾಳೆಯೇ: ಮೂಲ ಪಕ್ಕದಲ್ಲೇ ಇದೆ, ಅಳೆದು ನೋಡಬಹುದು. ಎರಡು ವರ್ಷದ ನಂತರ ಹೇಗ್‌ನಲ್ಲಿ ಅವನು ಒಂದು ಚೌಕಟ್ಟು ಮಾಡಿಸಿಕೊಂಡ. ಅದರಲ್ಲಿ ದಾರಗಳು ಅಡ್ಡಡ್ಡ, ನೆಟ್ಟಗೆ, ಕರ್ಣಗಳ ಉದ್ದಕ್ಕೆ. ಮರಳಲ್ಲಿ ಊರಿ ನಿಲ್ಲಿಸಲು ಕಾಲುಗಳಿಗೆ ಕಬ್ಬಿಣದ ಮೊನೆ. ಅದರೊಳಗಿಂದ ನೋಡಿದರೆ ಹೊಲದ ಅಂಚು ಯಾವ ದಾರವನ್ನು ಎಲ್ಲಿ ಕತ್ತರಿಸುತ್ತದೆ ಎಂಬುದು ಸ್ಪಷ್ಟ. ಮೇಷ್ಟ್ರು ಹೇಳಬೇಕಾದ ಅರ್ಧ ಮಾತನ್ನು ದಾರ ಹೇಳುತ್ತಿತ್ತು. ಸಾಯುವ ವರ್ಷ, 1890ರಲ್ಲಿ, ಅದೇ ಬಾರ್ಗ್ ಹಾಳೆಗಳನ್ನು ಮತ್ತೆ ಕಳಿಸು ಎಂದು ತಿಯೋಗೆ ಬರೆದ.

ಫೋಟೋ ಸುಳ್ಳು ಹೇಳದಂತೆ

ಒಂದು ಚಿಕ್ಕ ವಿಷಯ, ಆದರೆ ಇದರಿಂದ ಹಾಳಾಗುವ ತಿದ್ದುಪಡಿ ಬಹಳ. ಪುಟವನ್ನು ಓರೆಯಲ್ಲಿ ಹಿಡಿದು ಫೋಟೋ ತೆಗೆದರೆ ಇಡೀ ಹಾಳೆಯೇ ಪರ್‌ಸ್ಪೆಕ್ಟಿವ್‌ಗೆ ಹೋಗುತ್ತದೆ, ಅಂದರೆ ದೂರದ ಅಂಚು ಕಿರಿದಾಗಿ ಕಾಣುತ್ತದೆ. ನಿಮ್ಮ ಎಲಿಪ್ಸ್‌ಗಳು ಇನ್ನಷ್ಟು ಚಪ್ಪಟೆಯಾಗುತ್ತವೆ, ಪೆಟ್ಟಿಗೆಯ ಗೆರೆಗಳು ಇಲ್ಲದ ಕಡೆ ಸೇರುತ್ತವೆ, ನೋಡುವವರು ನೀವು ಮಾಡದ ತಪ್ಪನ್ನು ತಿದ್ದುತ್ತಾರೆ. ಹಾಳೆಯನ್ನು ನೆಲದ ಮೇಲಿಟ್ಟು, ಕಿಟಕಿಯ ಬೆಳಕಿನಲ್ಲಿ, ನೇರ ಮೇಲಿನಿಂದ ತೆಗೆಯಿರಿ. ಮೊಬೈಲನ್ನು ಹಾಳೆಗೆ ತೀರಾ ಹತ್ತಿರ ಒಯ್ಯಬೇಡಿ. ಸ್ವಲ್ಪ ದೂರ ನಿಂತು ಝೂಮ್ ಮಾಡಿ. ಹಾಳೆಯ ನಾಲ್ಕು ಅಂಚು ಫೋಟೋದ ಅಂಚಿಗೆ ಸಮಾನಾಂತರ ಇವೆಯೇ ನೋಡಿಕೊಳ್ಳಿ. ಸ್ಕ್ಯಾನ್ ಆ್ಯಪ್‌ಗಳು ಕಪ್ಪನ್ನು ಇನ್ನೂ ಕಪ್ಪು ಮಾಡುವ ಭರದಲ್ಲಿ ತೆಳು ಗೆರೆಯನ್ನೇ ನುಂಗುತ್ತವೆ. ಆ ಸೌಲಭ್ಯವನ್ನು ಬಂದ್ ಮಾಡಿ. 'ಹೇಗಿದೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎಂದೇ ಬರುತ್ತದೆ. 'ಮೂರನೇ ಪುಟದ ನೀಲಿ ಗುಂಪು ಜೋಡಿಜೋಡಿಯಾಗಿ ಸೇರುತ್ತಿದೆ, ಏಕೆ?' ಎಂದು ಕೇಳಿದರೆ ಉತ್ತರ ಬರುತ್ತದೆ.

ಆ ಹತ್ತು ದಿನ

ಕಳಿಸಿದ ಪಾಠದ ಅಭ್ಯಾಸಗಳನ್ನು ಪುಟಗಟ್ಟಲೆ ಮತ್ತೆ ಮಾಡಬೇಡಿ. ದಿನಕ್ಕೆ ಹತ್ತು ಹದಿನೈದು ನಿಮಿಷ, ಮಾಡಿ ಮುಗಿಸಿದ ಅಭ್ಯಾಸಗಳಲ್ಲಿ ಎರಡೋ ಮೂರೋ ಆರಿಸಿಕೊಂಡು ಕೈ ಬಿಸಿ ಮಾಡಿಕೊಳ್ಳಿ. ಇವತ್ತು ಗೆರೆ ಮತ್ತು ಎಲಿಪ್ಸ್, ನಾಳೆ ಪೆಟ್ಟಿಗೆ ಎರಡು. ಇಷ್ಟದ್ದನ್ನೇ ಆರಿಸಬೇಡಿ, ಚೀಟಿ ಎತ್ತಿದರೂ ಆದೀತು. ಪುಟಕ್ಕೆ ತಾರೀಕು ಹಾಕಿ. ಪೆಟ್ಟಿಗೆ ಸವಾಲಿನ ಪುಟಗಳಂತಲ್ಲ, ಇವನ್ನು ಬರೆದ ದಿನವೇ ತಿದ್ದಲು ಕೂರಬೇಡಿ, ಮರುದಿನ ನೋಡಿ, ಬೇಕಾದರೆ ತಲೆಕೆಳಗೆ ಹಿಡಿದು ನೋಡಿ. ಬರೆದ ಕೂಡಲೇ ಕಣ್ಣಿಗೆ ಕಾಣುವುದು ಬರೆಯಬೇಕೆಂದಿದ್ದ ಗೆರೆ. ಮರುದಿನ ಕಾಣುವುದು ಬರೆದ ಗೆರೆ.

ಉಳಿದ ಹೊತ್ತಿಗೆ ಡ್ರಾಅಬಾಕ್ಸ್‌ನಲ್ಲಿ ಒಂದು ನಿಯಮವಿದೆ, ಬಹಳ ಜನ ಅದನ್ನು ಓದಿ ಪಕ್ಕಕ್ಕಿಡುತ್ತಾರೆ. ಚಿತ್ರಕ್ಕೆಂದು ಎತ್ತಿಟ್ಟ ಸಮಯದಲ್ಲಿ ಕನಿಷ್ಠ ಅರ್ಧ ಕಲಿಯುವುದಕ್ಕಲ್ಲದೆ ಸುಮ್ಮನೆ ಬಿಡಿಸುವುದಕ್ಕೆ. ಬಸ್ಸು, ಬೆಕ್ಕು, ಅಜ್ಜಿಯ ಎಲೆಅಡಿಕೆ ತಟ್ಟೆ, ಕೋಟೆ ಹಾರುವ ಕುದುರೆ, ಏನಾದರೂ. ಕೆಟ್ಟದಾಗಿ ಬರುತ್ತದೆ, ಅದನ್ನು ಯಾರಿಗೂ ಕಳಿಸಬೇಕಿಲ್ಲ. ಮೊದಮೊದಲು ನನಗಿದು ಮಕ್ಕಳಿಗೆ ಕೊಡುವ ಮಿಠಾಯಿಯಂತೆ ಕಾಣುತ್ತಿತ್ತು. ಅದರ ಉಪಯೋಗ ಬೇರೆ: ಯಾರೂ ತಿದ್ದದ ಚಿತ್ರ ಬಿಡಿಸಿ ರೂಢಿ ಇಲ್ಲದವರು ಪ್ರತಿ ಗೆರೆಗೂ ಯಾರದೋ ಒಪ್ಪಿಗೆ ಕಾಯಲು ಶುರುಮಾಡುತ್ತಾರೆ, ಅಂಥವರ ಕೈ ಘೋಸ್ಟಿಂಗ್‌ನ ಎರಡನೇ ಹಂತದಲ್ಲೇ ನಿಂತುಬಿಡುತ್ತದೆ.

ಮುಂದಿನ ಪಾಠ ಓದಬಾರದು ಎಂದೇನಿಲ್ಲ. ಓದಿ. ಪೆನ್ನು ಮುಟ್ಟಬೇಡಿ. ಎರಡನೇ ಪಾಠದ ಬಾಣಗಳು, ಆಕೃತಿಯ ಮೈಯುಬ್ಬು ತೋರಿಸುವ ಕಾಂಟೂರ್ ಗೆರೆಗಳು ಎಲ್ಲ ಮೊದಲ ಪಾಠದ ಗೆರೆ ಮತ್ತು ಎಲಿಪ್ಸ್ ಮೇಲೆ ನಿಂತಿವೆ. ಅಲ್ಲಿ ಏನು ಬೇಕಾಗುತ್ತದೆ ಎಂದು ಗೊತ್ತಿದ್ದರೆ ಇಲ್ಲಿಯ ಬೆಳಗಿನ ಹತ್ತು ನಿಮಿಷಕ್ಕೆ ಅರ್ಥ ಬರುತ್ತದೆ.

ಕೊನೆಗೊಂದು ದಿನ ತಿದ್ದುಪಡಿ ಬರುತ್ತದೆ. ಐದು ಮಾತಿದ್ದರೆ ಮೂರು ನಿಮಗೆ ಆಗಲೇ ಗೊತ್ತಿರುವಂಥವು, ಒಂದು ಗೊತ್ತಿಲ್ಲದ್ದು, ಒಂದು ಒಪ್ಪಲು ಮನಸ್ಸಾಗದ್ದು. ಆ ಕೊನೆಯದನ್ನು ಮರುದಿನ ಮತ್ತೆ ಓದಿ. ಇಬ್ಬರು ಎರಡು ಬಗೆ ಹೇಳಿದ್ದರೆ ಪಾಠದ ಮೂಲ ಸೂಚನೆಗೆ ಹೋಗಿ ನೋಡಿ, ಯಾರ ಮಾತು ಅದಕ್ಕೆ ಹತ್ತಿರವೋ ಅದನ್ನು ಹಿಡಿಯಿರಿ. ತಿರುಗಿಸಿದ ಪೆಟ್ಟಿಗೆಗಳನ್ನು ಒಂದು ಪುಟ ಮತ್ತೆ ಮಾಡಿ ಎಂದಿದ್ದರೆ ಒಂದೇ ಪುಟ ಮಾಡಿ, ಮೂರಲ್ಲ. ಕೂರುವ ಮೊದಲು ಸೂಚನೆಯನ್ನು ಇನ್ನೊಮ್ಮೆ ಪೂರ್ತಿ ಓದಿ. ಹಳೆಯ ಪುಟವನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಡಿ. ಕಣ್ಣಿಗೆ ಬಿದ್ದರೆ ಕೈ ಅದನ್ನೇ ತಿದ್ದಲು ಹೋಗುತ್ತದೆ, ಮಗು ಮೇಷ್ಟ್ರ ಅಕ್ಷರದ ಮೇಲೆ ಬೆರಳಾಡಿಸಿದಂತೆ, ಇಲ್ಲಿ ಮಾತ್ರ ಕೆಳಗಿರುವ ಅಕ್ಷರವೇ ತಪ್ಪು. ಡ್ರಾಯರಿನಲ್ಲಿ ಹಾಕಿ. ಹೊಸ ಹಾಳೆ, ನಡುವಿನ ಪೆಟ್ಟಿಗೆ, ಬಿಂದುಗಳು. ಬರೆದು ಮುಗಿಸಿ, ತಾರೀಕು ಹಾಕಿದ ಮೇಲೆ ಹಳೆಯದನ್ನು ತೆಗೆದು ಪಕ್ಕಕ್ಕಿಡಿ.